ಕೊಣ್ಣೂರಿನ ನೆರೆ ನೋಡೋಕೆ ರೇಡಾರ್ ಚಿತ್ರ ತೆಗೀರಿ

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಗದಗ ಜಿಲ್ಲೆಯ ಕೊಣ್ಣೂರು ಸುತ್ತ ಎಷ್ಟು ಹೊಲ ಮುಳುಗಿಸಿತು ಅಂತ ನೋಡೋಕೆ ಹೋದ್ರೆ, ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರದಲ್ಲಿ ಬರೀ ಮೋಡ ಕಾಣುತ್ತೆ. ಅದರಲ್ಲಿರೋದು ಕ್ಯಾಮೆರಾ, ಅದು ಮೋಡ ದಾಟಲ್ಲ. ಸೆಂಟಿನೆಲ್-1 ಉಪಗ್ರಹದ ಚಿತ್ರ ತೆಗೀರಿ. ಅದು ರೇಡಾರ್, ಮೋಡ ಇದ್ರೂ ರಾತ್ರಿ ಆದ್ರೂ ನೆಲ ಕಾಣುತ್ತೆ, ಈ ಉಪಗ್ರಹಗಳ ಚಿತ್ರ ತೋರಿಸೋ ಕೋಪರ್ನಿಕಸ್ ಬ್ರೌಸರ್ ಅನ್ನೋ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತೆ.

ಅಲ್ಲಿ ವಿವಿ (VV) ಅನ್ನೋ ಆಯ್ಕೆ ಒತ್ತಿ, ಅಂದ್ರೆ ರೇಡಾರ್ ಅಲೆಯನ್ನು ಲಂಬವಾಗಿ ಕಳಿಸಿ ಲಂಬವಾಗೇ ಹಿಡಿದ ಚಿತ್ರ. ನಿಂತ ನೀರು ರೇಡಾರ್ ಅಲೆಯನ್ನು ಆಚೆ ಕಡೆ ಚಿಮ್ಮಿಸುತ್ತೆ, ಉಪಗ್ರಹಕ್ಕೆ ವಾಪಸ್ ಹೆಚ್ಚೇನೂ ಬರಲ್ಲ, ಹಾಗಾಗಿ ಕಪ್ಪಗೆ ಕಾಣುತ್ತೆ. ನೆರೆಗೆ ಮುಂಚಿನ ಜುಲೈ ಚಿತ್ರವನ್ನೂ ಪಕ್ಕದಲ್ಲಿಡಿ. ಆಗಲೂ ಕಪ್ಪಿದ್ದದ್ದು ಹೊಳೆ, ಕೆರೆ. ಹೊಸದಾಗಿ ಕಪ್ಪಾದದ್ದು ಹೆಚ್ಚಾಗಿ ನೆರೆ. ಎರಡೂ ಚಿತ್ರ, ಉಪಗ್ರಹ ಒಂದೇ ದಿಕ್ಕಿನಲ್ಲಿ ಹಾದಾಗ ತೆಗೆದದ್ದಾಗಿರಲಿ, ಇಲ್ಲಾಂದ್ರೆ ಸುಮ್ನೆ ತಲೆಬಿಸಿ.

ಜಾಸ್ತಿ ಮೋಸ ಆಗೋದು ಬೆಳೆಯಲ್ಲಿ. ಆಳೆತ್ತರದ ಗೋವಿನಜೋಳ, ಕಬ್ಬಿನ ಬುಡದಲ್ಲಿ ನೀರು ನಿಂತ್ರೆ ಕಪ್ಪಗೆ ಕಾಣಲ್ಲ, ಕೆಲವೊಮ್ಮೆ ಉಲ್ಟಾ ಹೊಳೆಯುತ್ತೆ. ಮನೆಗಳ ನಡುವೆಯೂ ಅಷ್ಟೇ. ಅಂದ್ರೆ ನಿಮ್ಮ ಲೆಕ್ಕ ನಿಜಕ್ಕಿಂತ ಕಡಿಮೆ ಬರಬಹುದು. ಚಿತ್ರದ ಒಂದು ಚುಕ್ಕಿ ಅಂದ್ರೆ ನೆಲದ ಮೇಲೆ 10 ಮೀಟರ್, ಸಣ್ಣ ಹೊಲದ ಬದು ಅದರಲ್ಲಿ ಸಿಗಲ್ಲ. ಮತ್ತೆ ಚಿತ್ರದ ದಿನಾಂಕ ನೋಡಿ, ಉಪಗ್ರಹ ಬರೋ ಹೊತ್ತಿಗೆ ನೀರು ಇಳಿದಿದ್ರೆ ಅದನ್ನ ಯಾವ ಚಿತ್ರವೂ ತೋರಿಸಲ್ಲ.