ಬಿಜಾಪುರದ ಕಟ್ಟಡಗಳ ಕೆತ್ತನೆ ಫೋಟೊದಲ್ಲಿ ಚಪ್ಪಟೆಯಾಗಿ ಬರುತ್ತಿದೆ, ಹೊಸ ಕ್ಯಾಮೆರಾ ಕೊಳ್ಳಬೇಕಾ?

ಒಂದು ದಿನಕ್ಕೆ ಅಂತ ವಿಜಯಪುರಕ್ಕೆ ಬಂದಿದ್ದಿರಿ, ಗೋಳಗುಮ್ಮಟ ಫೋಟೊದಲ್ಲಿ ಹಿಂದಕ್ಕೆ ವಾಲಿದಂತೆ ಬಂತು, ಎರಡನೇ ಇಬ್ರಾಹಿಂ ಆದಿಲ್ ಶಾಹನ ಗೋರಿ ಇರುವ ಇಬ್ರಾಹಿಂ ರೋಜಾದ ಕೆತ್ತನೆ ಕಾಣಲೇ ಇಲ್ಲ ಅಂತ ಬರೆದಿದ್ದೀರಿ. ಮಧ್ಯಾಹ್ನ ಹೋಗಿದ್ದೆ ಅಂತಲೂ ಹೇಳಿದ್ದೀರಿ. ತೊಂದರೆ ಇರುವುದು ಅಲ್ಲೇ. ಕ್ಯಾಮೆರಾ ಸದ್ಯಕ್ಕೆ ಬೇಡ, ಮೊಬೈಲ್ ಸಾಕು.

ನಾನು ಇದೇ ಊರಿನವನು. ಮೊದಲ ಸಲ ರೋಜಾದ ಗೋಡೆಯ ಅಕ್ಷರಗಳನ್ನು ತೆಗೆಯಲು ಹೋದಾಗ ನನಗೂ ಹೀಗೇ ಆಗಿತ್ತು. ನಡುಹಗಲು, ನೂರಾರು ಫೋಟೊ, ಎಲ್ಲದರಲ್ಲೂ ಬರೀ ಕಂದು ಗೋಡೆ. ಅಲ್ಲಿ ನೆರಳಿಗೆ ಕೂತಿದ್ದ ಹಿರಿಯರೊಬ್ಬರು, "ಹೊತ್ತು ಇಳೀಲಿ, ಆಮ್ಯಾಲೆ ನೋಡ್ರಿ" ಅಂದರು. ಕಾದೆ. ನಾಲ್ಕು ದಾಟಿದ ಮೇಲೆ ಬಿಸಿಲು ಪಡಸಾಲೆಯ ಕಮಾನುಗಳ ಒಳಗೆ ಬಂತು. ಕಲ್ಲಿನಲ್ಲಿ ಆ ಅಕ್ಷರಗಳು ಎದ್ದು ನಿಂತಿರುವುದು ತುಂಬಾ ತೆಳ್ಳಗೆ. ಬಿಸಿಲು ಓರೆಯಾಗಿ ತಾಗಿದ ಕೂಡಲೇ ಒಂದೊಂದು ಅಕ್ಷರದ ಅಂಚಿಗೂ ದಾರದಷ್ಟು ಸಣ್ಣ ನೆರಳು ಬಿತ್ತು. ಅದುವರೆಗೆ ಕಾಣದಿದ್ದ ಬಳ್ಳಿ, ಹೂವು ಎಲ್ಲ ಗೋಡೆಯಿಂದ ಹೊರಗೆ ಬಂದವು. ಅವತ್ತು ನನಗೆ ಆದ ಖುಷಿ ಇನ್ನೂ ನೆನಪಿದೆ.

ಆದ್ದರಿಂದ ಮೊದಲು ದಿಕ್ಕು ನೋಡಿಕೊಳ್ಳಿ. ರೋಜಾದಲ್ಲಿ ಒಂದೇ ಕಟ್ಟೆಯ ಮೇಲೆ ಪೂರ್ವಕ್ಕೆ ಗೋರಿ, ಪಶ್ಚಿಮಕ್ಕೆ ಮಸೀದಿ, ಎರಡೂ ಎದುರುಬದುರು. ಮಸೀದಿಯ ಮುಖಕ್ಕೆ ಬೆಳಗಿನ ಬಿಸಿಲು, ಗೋರಿಯ ಪಶ್ಚಿಮದ ಗೋಡೆಗೆ ಸಂಜೆಯದು. ಚಳಿಗಾಲದಲ್ಲಿ ಸೂರ್ಯ ನೈಋತ್ಯದ ಕಡೆ ಇಳಿಯುವುದರಿಂದ ಬೆಳಕು ಆ ಗೋಡೆಗೆ ಇನ್ನಷ್ಟು ಓರೆಯಾಗಿ ಬೀಳುತ್ತದೆ. ಕಿಟಕಿಗಳನ್ನು ಬಿಡಬೇಡಿ. ಅಲ್ಲಿನ ಕಲ್ಲಿನ ಜಾಲಂದ್ರವೇ ಅರಬ್ಬಿ ಬರಹ. ಅದನ್ನು ಒಳಗಿನ ಕತ್ತಲಿಂದ ಹೊರಗಿನ ಬೆಳಕಿಗೆ ಎದುರಾಗಿ ತೆಗೆಯಿರಿ. ಪರದೆಯ ಮೇಲೆ ಬೆಳಕು ಜಾಸ್ತಿ ಇರುವ ಜಾಗ ಮುಟ್ಟಿ, ಹೊಳಪನ್ನು ಸ್ವಲ್ಪ ಕೆಳಗೆಳೆಯಿರಿ. ಕಲ್ಲು ಪೂರ್ತಿ ಕಪ್ಪಾಗಿ, ಅಕ್ಷರಗಳ ನಡುವಿನ ಸಂದುಗಳು ಮಾತ್ರ ಬೆಳಗುತ್ತವೆ.

ಇನ್ನು ಗುಮ್ಮಟ ವಾಲುವ ವಿಷಯ. ಹತ್ತಿರ ನಿಂತು ಮೊಬೈಲನ್ನು ಮೇಲಕ್ಕೆ ಬಾಗಿಸಿದರೆ ನೇರ ಗೆರೆಗಳೆಲ್ಲ ಮೇಲೆ ಹೋಗಿ ಕೂಡಿಕೊಳ್ಳುತ್ತವೆ. 1656ರ ಆ ಕಟ್ಟಡದ ಎತ್ತರ ಸುಮಾರು 51 ಮೀಟರ್. ಹತ್ತಿರದಿಂದ ಅದು ಚೌಕಟ್ಟಿನಲ್ಲಿ ಹಿಡಿಯುವುದೇ ಇಲ್ಲ, ಅಲ್ವಾ? ಎಷ್ಟು ಆಗುತ್ತೋ ಅಷ್ಟು ಹಿಂದೆ ಸರಿಯಿರಿ, ಮೊಬೈಲನ್ನು ನೆಟ್ಟಗೆ ಹಿಡಿಯಿರಿ, ಕೆಳಗೆ ಜಾಸ್ತಿ ನೆಲ ಬಂದರೆ ಆಮೇಲೆ ಕತ್ತರಿಸಿ. ಎದುರಿಗೆ ಮ್ಯೂಸಿಯಂ ಆಗಿರುವ ನಗಾರಖಾನೆ ಅಡ್ಡ ಬರುತ್ತದೆ. ಅದಕ್ಕೇ ನಾನು ಹುಲ್ಲುಹಾಸಿನ ಮೂಲೆಗೆ ಹೋಗಿ, ಎರಡು ಮಗ್ಗುಲು ಒಟ್ಟಿಗೆ ಕಾಣುವಂತೆ ತೆಗೆಯುತ್ತೇನೆ. ಒಂದು ಮಗ್ಗುಲಿಗೆ ಬಿಸಿಲು, ಇನ್ನೊಂದಕ್ಕೆ ನೆರಳು ಇದ್ದರೆ ಅದರ ಗಾತ್ರ ನಿಜವಾಗಿಯೂ ಕಾಣುತ್ತದೆ. ಗುಮ್ಮಟದ ಬುಡದಲ್ಲಿ ಸುತ್ತಲೂ ಕಮಲದ ದಳಗಳಿವೆ. ಜೂಮ್ ಮಾಡಿ ಅದನ್ನಷ್ಟೇ ಒಂದು ಫೋಟೊ ತೆಗೆಯಿರಿ. ಬಹಳ ಜನ ಅದನ್ನು ನೋಡದೆಯೇ ವಾಪಸ್ ಹೋಗುತ್ತಾರೆ.

ಇದೇ ಊರಿನಲ್ಲಿ ಅರ್ಧಕ್ಕೇ ನಿಂತ ಗೋರಿ ಬಾರಾ ಕಮಾನಿನ ಕಲ್ಲು ಕಪ್ಪು. ಮೊಬೈಲ್ ಆ ಕಪ್ಪನ್ನು ಕತ್ತಲೆ ಅಂದುಕೊಂಡು ಬೆಳಕು ಹೆಚ್ಚಿಸುತ್ತದೆ, ಕಲ್ಲು ಬೂದಿ ಬಣ್ಣಕ್ಕೆ ತಿರುಗುತ್ತದೆ. ಅಲ್ಲಿ ಹೊಳಪು ಇಳಿಸಲೇಬೇಕು. ಮಳೆ ಬಂದು ನಿಂತ ಮೇಲೆ ಹೋದರಂತೂ ಆ ಕಲ್ಲಿನ ಬಣ್ಣವೇ ಬೇರೆ. ಬಿಳಿ ಕಟ್ಟಡಗಳಲ್ಲಿ ಇದು ಉಲ್ಟಾ. ಬೆಳಗಾವಿಯಲ್ಲಿ 2012ರಲ್ಲಿ ಉದ್ಘಾಟನೆಯಾದ ಸುವರ್ಣ ವಿಧಾನಸೌಧ ಬೆಳ್ಳಗಿದೆ. ಅದನ್ನು ಮೊಬೈಲ್ ಮಂಕು ಮಾಡುತ್ತದೆ, ಅಲ್ಲಿ ಹೊಳಪು ಏರಿಸಬೇಕು.

ಬೆಳಗಾವಿಗೆ ಹೋದರೆ ಕೋಟೆಯೊಳಗಿನ ಕಮಲ ಬಸದಿಗೂ ಹೋಗಿ. 1204ರದು. ಚಾವಣಿಯಿಂದ ಕಲ್ಲಿನ ಕಮಲ ಕೆಳಮುಖವಾಗಿ ಇಳಿದಿದೆ. ಕೈಯಲ್ಲಿ ಹಿಡಿದು ತೆಗೆದರೆ ಹೂವು ಸೊಟ್ಟ ಬರುತ್ತದೆ. ಅಲ್ಲಿರುವವರನ್ನು ಕೇಳಿಕೊಂಡು, ಮೊಬೈಲನ್ನು ಕಮಲದ ನೇರ ಕೆಳಗೆ ನೆಲದ ಮೇಲೆ ಮಲಗಿಸಿ, ಸೆಲ್ಫಿ ಕ್ಯಾಮೆರಾಕ್ಕೆ ಟೈಮರ್ ಇಟ್ಟು ಪಕ್ಕಕ್ಕೆ ಸರಿಯಿರಿ. ದಳಗಳ ಸುತ್ತು ಸರಿಯಾಗಿ ದುಂಡಗೆ ಬರುತ್ತದೆ.

ಪುರಾತತ್ವ ಇಲಾಖೆಯ ಜಾಗಗಳಿಗೆ ಟ್ರೈಪಾಡ್ ಸುಮ್ನೆ ಹೊತ್ತುಕೊಂಡು ಬರಬೇಡಿ, ಅದಕ್ಕೆ ಮೊದಲೇ ಅನುಮತಿ ಬೇಕು. ಮತ್ತೆ ಯಾವ ತಿಂಗಳು ಬರುತ್ತೀರಿ ಅಂತ ತಿಳಿಸಿ. ಡಿಸೆಂಬರ್‌ನಲ್ಲಿ ಉತ್ತರದ ಗೋಡೆಗಳಿಗೆ ದಿನವಿಡೀ ಬಿಸಿಲೇ ಬೀಳುವುದಿಲ್ಲ, ಮೇ ತಿಂಗಳಲ್ಲಿ ಲೆಕ್ಕ ಬೇರೆ. ಅದನ್ನು ನೋಡಿಕೊಂಡು ಯಾವ ಜಾಗಕ್ಕೆ ಎಷ್ಟು ಹೊತ್ತಿಗೆ ಹೋಗಬೇಕು ಅಂತ ಬರೆಯುತ್ತೇನೆ.