ಭಯೋತ್ಪಾದನೆಯ ಆರೋಪ ಹೊತ್ತವರ ಕುಟುಂಬವನ್ನು ರಕ್ಷಿಸುವುದು ಸರ್ಕಾರದ ಹೊಣೆಯೇ?

ಹೌದು, ಅದು ಸರ್ಕಾರದ ಔದಾರ್ಯವಲ್ಲ, ಸಂವಿಧಾನ ಹೊರಿಸಿರುವ ಕರ್ತವ್ಯ. 21ನೇ ವಿಧಿಯು ಜೀವ ಮತ್ತು ಸ್ವಾತಂತ್ರ್ಯದ ರಕ್ಷಣೆಯನ್ನು ಪ್ರತಿಯೊಬ್ಬ ವ್ಯಕ್ತಿಗೂ ನೀಡುತ್ತದೆ. ಆರೋಪಿಯ ತಾಯಿಯಾಗಲಿ ಮಕ್ಕಳಾಗಲಿ ಅದಕ್ಕೆ ಹೊರತಲ್ಲ. 1996ರಲ್ಲಿ, ಅರುಣಾಚಲ ಪ್ರದೇಶದ ಚಕ್ಮಾ ನಿರಾಶ್ರಿತರಿಗೆ ಜಾಗ ಖಾಲಿ ಮಾಡುವಂತೆ ಬೆದರಿಕೆ ಬಂದಿದ್ದ ಪ್ರಕರಣದಲ್ಲಿ, ನಾಗರಿಕನಾಗಿರಲಿ ಇಲ್ಲದಿರಲಿ ಪ್ರತಿಯೊಬ್ಬ ಮನುಷ್ಯನ ಜೀವವನ್ನು ಕಾಪಾಡಲು ರಾಜ್ಯವು ಬದ್ಧವೆಂದು ಸುಪ್ರೀಂ ಕೋರ್ಟ್ ಹೇಳಿತು. ಅದು ಭಯೋತ್ಪಾದನೆಯ ಪ್ರಕರಣವಲ್ಲ, ಆದರೆ ತತ್ವ ಅದೇ.

ಅಪಾಯವು ನೆರೆಹೊರೆಯಿಂದಲ್ಲ, ಸರ್ಕಾರದಿಂದಲೇ ಬಂದಾಗ ಪ್ರಶ್ನೆ ಕಠಿಣವಾಗುತ್ತದೆ. ಆರೋಪಿಗಳ ಮನೆಗಳನ್ನು ಬುಲ್ಡೋಜರ್‌ನಿಂದ ಕೆಡವುವ ಪರಿಪಾಠದ ಕುರಿತು 2024ರ ನವೆಂಬರ್ 13ರಂದು ತೀರ್ಪಿತ್ತ ಸುಪ್ರೀಂ ಕೋರ್ಟ್, ಒಬ್ಬನ ಮೇಲಿನ ಆರೋಪಕ್ಕಾಗಿ ಇಡೀ ಕುಟುಂಬದ ಸೂರು ಕಿತ್ತುಕೊಳ್ಳುವುದು ಸಾಮೂಹಿಕ ಶಿಕ್ಷೆಯಾಗುತ್ತದೆಂದು ಹೇಳಿ, ಕನಿಷ್ಠ 15 ದಿನಗಳ ನೋಟಿಸನ್ನು ಕಡ್ಡಾಯಗೊಳಿಸಿತು. ರಸ್ತೆ, ಜಲಮೂಲಗಳಂತಹ ಸಾರ್ವಜನಿಕ ಜಾಗದ ಅತಿಕ್ರಮಣಕ್ಕೆ ಮತ್ತು ನ್ಯಾಯಾಲಯವೇ ಕೆಡವಲು ಆದೇಶಿಸಿದ ಪ್ರಕರಣಗಳಿಗೆ ಮಾತ್ರ ವಿನಾಯಿತಿಯಿದೆ. ಆದರೂ 2025ರ ಏಪ್ರಿಲ್‌ನಲ್ಲಿ, ಪಹಲ್ಗಾಮ್ ದಾಳಿಯ ಬೆನ್ನಿಗೇ, ಕಾಶ್ಮೀರದಲ್ಲಿ ಶಂಕಿತ ಉಗ್ರರ ಕುಟುಂಬಗಳ ಹಲವು ಮನೆಗಳು ನೆಲಸಮವಾದವು. ತೀರ್ಪಿಗೂ ನಡವಳಿಕೆಗೂ ಇರುವ ಈ ಅಂತರವೇ ನನಗೆ ಮುಖ್ಯವಾಗಿ ಕಾಣುತ್ತದೆ.

ಹಾಗೆಂದು ಬಂಧುತ್ವವೇ ಗುರಾಣಿಯಲ್ಲ. ಉಗ್ರನಿಗೆ ಆಶ್ರಯ ನೀಡಿದ ಸಂಬಂಧಿಕರನ್ನು ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆಯ (ಯುಎಪಿಎ) 19ನೇ ಸೆಕ್ಷನ್ ಶಿಕ್ಷಿಸುತ್ತದೆ, ಆದರೆ (ಅನೇಕರಿಗೆ ಇದು ಗೊತ್ತಿಲ್ಲ) ಅದೇ ಸೆಕ್ಷನ್ ಪತಿ ಅಥವಾ ಪತ್ನಿಗೆ ವಿನಾಯಿತಿ ಕೊಟ್ಟಿದೆ.