15.9 ಸೆಂಟಿಮೀಟರ್ ಸರಿ, 326 ಮೀಟರ್ ತಪ್ಪು

ಪ್ರಶ್ನೆ: ರೆಸೊನೆನ್ಸ್ ಟ್ಯೂಬ್ (ಒಳಗಿನ ನೀರಿನ ಮಟ್ಟ ಏರಿಳಿಸಬಹುದಾದ ಗಾಜಿನ ನಳಿಗೆ) ಪ್ರಯೋಗದಲ್ಲಿ 512 ಹರ್ಟ್ಸ್‌ನ ಶ್ರುತಿಕವೆ (ಟ್ಯೂನಿಂಗ್ ಫೋರ್ಕ್) ಬಾಯಿಯ ಬಳಿ ಹಿಡಿದಾಗ, ನೀರಿನ ಮೇಲಿನ ಗಾಳಿಕಂಬ 15.9 ಸೆಂ.ಮೀ. ಇದ್ದಲ್ಲಿ ಶಬ್ದ ಜೋರಾಯಿತು. ಅದನ್ನು ನಾಲ್ಕರಿಂದ, ಬಳಿಕ ಆವೃತ್ತಿಯಿಂದ (ಸೆಕೆಂಡಿಗೆ ಎಷ್ಟು ಕಂಪನ ಎಂಬುದರಿಂದ) ಗುಣಿಸಿದರೆ ಶಬ್ದದ ವೇಗ ಸೆಕೆಂಡಿಗೆ 326 ಮೀಟರ್ ಬರುತ್ತದೆ. ಲ್ಯಾಬಿನಲ್ಲಿ 27 ಡಿಗ್ರಿ ಸೆಲ್ಸಿಯಸ್ ಇತ್ತು, 347 ಬರಬೇಕಿತ್ತು. ತಪ್ಪೆಲ್ಲಿ?
– ಪ್ರಥಮ ಪಿಯು ವಿದ್ಯಾರ್ಥಿನಿ, ಹಾಸನ

ಉತ್ತರ: ನಿಮ್ಮ ಅಳತೆ ಸರಿಯಾಗಿಯೇ ಇದೆ, ಎಡವಿದ್ದು ಲೆಕ್ಕದಲ್ಲಿ. ನೀರಿನ ಮೇಲ್ಮೈಯಲ್ಲಿ ಗಾಳಿ ಹಿಂದೆ ಮುಂದೆ ಅಲುಗಲಾರದು, ಅದು ನಿಸ್ಪಂದ. ನಳಿಗೆಯ ಬಾಯಲ್ಲಿ ಅಲುಗಾಟ ಅತಿ ಹೆಚ್ಚು, ಅದು ಪ್ರಸ್ಪಂದ. ಇವೆರಡರ ನಡುವಿನ ದೂರ ತರಂಗದೂರದ (ಒಂದು ಪೂರ್ಣ ಅಲೆಯ ಉದ್ದದ) ಕಾಲು ಭಾಗ. ಆದರೆ ಪ್ರಸ್ಪಂದ ಗಾಜಿನ ಅಂಚಿನಲ್ಲೇ ನಿಲ್ಲುವುದಿಲ್ಲ, ಒಳವ್ಯಾಸದ ಸುಮಾರು 0.3ರಷ್ಟು ಹೊರಗೆ ಚಾಚಿರುತ್ತದೆ. ನಳಿಗೆಯ ಒಳವ್ಯಾಸ 3.5 ಸೆಂ.ಮೀ. ಇದ್ದರೆ ಇದು 1 ಸೆಂ.ಮೀ.ಗಿಂತ ತುಸು ಹೆಚ್ಚು. ಅದನ್ನು ಸೇರಿಸದೆ ನಾಲ್ಕರಿಂದ ಗುಣಿಸಿದರೆ ಆ ಕೊರತೆಯೂ ನಾಲ್ಕು ಪಟ್ಟಾಗಿ ವೇಗದಲ್ಲಿ ಸುಮಾರು 21 ಮೀಟರ್ ನುಂಗಿಬಿಡುತ್ತದೆ.

ನೀರನ್ನು ಇನ್ನೂ ಇಳಿಸಿ, 49.8 ಸೆಂ.ಮೀ. ಆಸುಪಾಸಿನಲ್ಲಿ ಮತ್ತೆ ಶಬ್ದ ಏಳುತ್ತದೆ. ಈ ಎರಡು ಅಳತೆಗಳ ವ್ಯತ್ಯಾಸ 33.9 ಸೆಂ.ಮೀ., ಅಂದರೆ ಅರ್ಧ ತರಂಗದೂರ. ಹೊರಗೆ ಚಾಚಿದ ಭಾಗ ಎರಡರಲ್ಲೂ ಒಂದೇ ಆದ್ದರಿಂದ ಕಳೆಯುವಾಗ ತಾನಾಗಿ ಹೋಗುತ್ತದೆ. 2 × 512 × 0.339 = 347. ವ್ಯತ್ಯಾಸದಲ್ಲಿ 1 ಮಿ.ಮೀ. ತಪ್ಪಿದರೂ ಉತ್ತರ ಸೆಕೆಂಡಿಗೆ 1 ಮೀಟರ್ ಜರುಗುತ್ತದೆ, ಹಾಗಾಗಿ ನೀರನ್ನು ಒಮ್ಮೆ ಇಳಿಸುತ್ತಾ, ಒಮ್ಮೆ ಏರಿಸುತ್ತಾ ಓದಿ ಸರಾಸರಿ ತೆಗೆಯಿರಿ. ಎರಡನೆಯ ಶಬ್ದ ಕ್ಷೀಣ. ಫ್ಯಾನ್ ಆರಿಸಿ ಕೇಳಿ.

ಕವೆಯನ್ನು ಮೇಜಿಗೆ ಬಡಿಯಬೇಡಿ, ರಬ್ಬರ್ ಪ್ಯಾಡಿಗೆ ಮೆಲ್ಲಗೆ ತಟ್ಟಿದರೆ ಸಾಕು. ಗಟ್ಟಿಯಾಗಿ ಬಡಿದರೆ ಕೀಚಲು ಸ್ವರಗಳೂ ಸೇರಿ ಕಿವಿ ತಪ್ಪುತ್ತದೆ. ಕವೆಯ ಎರಡು ಕಾಲುಗಳು ಒಂದರ ಮೇಲೊಂದು ಬರುವಂತೆ ಅಡ್ಡಲಾಗಿ ಹಿಡಿಯಿರಿ, ಆಗ ಕೆಳಗಿನ ಕಾಲು ನಳಿಗೆಯ ಗಾಳಿಯನ್ನು ನೇರವಾಗಿ ಮೇಲೆ ಕೆಳಗೆ ತಳ್ಳುತ್ತದೆ. ಗಾಜಿಗೆ ಮಾತ್ರ ತಾಗಬಾರದು.

256 ಹರ್ಟ್ಸ್ ಕವೆ ಕೊಟ್ಟರೆ ಬೇಡವೆನ್ನಿ: ಎರಡನೆಯ ಶಬ್ದಕ್ಕೆ ಸುಮಾರು 100.6 ಸೆಂ.ಮೀ. ಗಾಳಿಕಂಬ ಬೇಕು, 1 ಮೀಟರ್ ನಳಿಗೆಯಲ್ಲಿ ಅದು ಸಿಗದು.

ಪ್ರಶ್ನೆ: ಕವೆಯನ್ನು ಜೋರಾಗಿ ತಟ್ಟಿದರೆ ಶಬ್ದ ಬೇಗ ತಲುಪುವುದಿಲ್ಲವೇ?
– ಓದುಗರು, ಶಿರಸಿ

ಉತ್ತರ: ಇಲ್ಲ. ಹೆಚ್ಚುವುದು ಪಾರ, ಎಂದರೆ ಗಾಳಿ ಎಷ್ಟು ದೂರ ಅಲುಗುತ್ತದೆ ಎಂಬುದು ಮಾತ್ರ. ವೇಗವನ್ನು ನಿರ್ಧರಿಸುವುದು ಗಾಳಿ, ಅದರಲ್ಲೂ ಅದರ ಉಷ್ಣತೆ: ಒಂದು ಡಿಗ್ರಿಗೆ ಸುಮಾರು 0.6 ಮೀಟರ್ ಏರಿಕೆ. ಬೇಸಿಗೆಯಲ್ಲಿ ಕಲಬುರಗಿ 40 ಡಿಗ್ರಿ ಮುಟ್ಟಿದಾಗ ಅಲ್ಲಿ 355 ಮೀಟರ್ ಬಂದರೆ ಗಾಬರಿಯಾಗಬೇಕಿಲ್ಲ.

ಪ್ರಶ್ನೆ: ನಲ್ಲಿಯಡಿ ಕೊಡ ತುಂಬುತ್ತಾ ಬಂದಂತೆ ಸದ್ದು ಕೀಚಲಾಗುವುದೇಕೆ?
– ಗೃಹಿಣಿ, ತುಮಕೂರು

ಉತ್ತರ: ಮೇಲಿನ ಪ್ರಯೋಗವೇ ಇದು, ಕವೆಯ ಬದಲು ಬೀಳುವ ನೀರು. ಆ ಗದ್ದಲದಲ್ಲಿ ಎಲ್ಲ ಆವೃತ್ತಿಗಳೂ ಇರುತ್ತವೆ; ಕೊಡದೊಳಗಿನ ಗಾಳಿ ತನಗೆ ಹೊಂದುವುದನ್ನು ಎತ್ತಿ ಹಿಡಿಯುತ್ತದೆ. ನೀರು ಏರಿದಷ್ಟೂ ಒಳಗಿನ ಗಾಳಿ ಕಡಿಮೆ, ಹೊಂದುವ ಆವೃತ್ತಿ ಹೆಚ್ಚು. ಕತ್ತಲಲ್ಲಿ ನೀರು ಹಿಡಿಯುವವರು ಕೊಡ ತುಂಬಿದ್ದನ್ನು ಕಿವಿಯಿಂದಲೇ ತಿಳಿಯುವುದು ಇದರಿಂದ.